ಖಮೀರದ ಗಡಿಗೆ

ನಮ್ಮ ಮನೆಯಲ್ಲಿ ಯಾವ ಡಬ್ಬಿಯ ಮುಚ್ಚಳವೂ ಬಿಗಿಯಾಗಿರುವುದಿಲ್ಲ. ಅದಕ್ಕೆ ಕಾರಣ ನಾನೇ. ಸೊಸೆ ತಿರುಗಿಸಿ ತಿರುಗಿಸಿ ಬಿಗಿಮಾಡಿ ಇಟ್ಟದ್ದನ್ನು ನಾನು ಹಿಂದಿನಿಂದ ಹೋಗಿ ಒಂದು ಸುತ್ತು ಸಡಿಲಿಸಿ ಬರುತ್ತೇನೆ. ಅವಲಕ್ಕಿ ಮೆತ್ತಗಾಗುತ್ತದೆ, ಬೆಲ್ಲಕ್ಕೆ ಇರುವೆ ಮುತ್ತುತ್ತವೆ, ಮೊನ್ನೆಯಂತೂ ಇಂಗಿನ ವಾಸನೆಯೆಲ್ಲ ಊರು ಬಿಟ್ಟು ಹೋಗಿ ಬರೀ ಡಬ್ಬಿ ಉಳಿದಿತ್ತು.

"ಅತ್ತೀ, ಡಬ್ಬಿ ಮ್ಯಾಲೆ ನಿಮಗ ಏನ್ ಸಿಟ್ಟೈತ್ರೀ?" ಎಂದಳು ಸೊಸೆ.

"ಒಳಗಿನ ಜೀವ ಉಸುರಾಡಬೇಕಲ್ಲಬೇ," ಎಂದುಬಿಟ್ಟೆ.

ಇಂಗಿನೊಳಗೆ ಯಾವ ಜೀವ ಇದ್ದೀತು ಎಂದು ಅವಳು ನನ್ನ ಮುಖ ನೋಡಿದಳು. ಮುದುಕಿಗೆ ಅರಳು ಮರಳು ಎಂದು ಒಳಗೊಳಗೇ ಅಂದುಕೊಂಡಿರಬೇಕು. ಅನ್ನಲಿ. ಆ ಮಾತು ನನ್ನದಲ್ಲ, ನಮ್ಮ ಆಯಿಯದು. ಆಯಿ ಅಂದರೆ ನನ್ನ ಅಪ್ಪನ ತಾಯಿ. ಅವಳು ಹೇಳಿದಾಗ ನಾನೂ ಕೇಳಿರಲಿಲ್ಲ.

ಕೇಳದೆ ಏನಾಯಿತೆಂದರೆ, ನಿಜಾಮರ ಕಾಲದಲ್ಲಿ, ಚೊಚ್ಚಲ ಬಾಣಂತನ ಮುಗಿಸಿ ಲಿಂಗಸೂಗೂರಿನ ತವರುಮನೆಯಿಂದ ಸಿಂಧನೂರಿನ ಗಂಡನ ಮನೆಗೆ ಎತ್ತಿನ ಬಂಡಿಯಲ್ಲಿ ಹೋಗುವಾಗ, ಕೂಸನ್ನು ಪಕ್ಕದಲ್ಲಿ ಮಲಗಿಸಿ, ತೊಡೆಯ ಮೇಲೆ ಒಂದು ಮಣ್ಣಿನ ಗಡಿಗೆ ಇಟ್ಟುಕೊಂಡಿದ್ದೆ. ಒಳಗೆ ಖಮೀರ. ಕುಲುಕಾಟಕ್ಕೆ ಚೆಲ್ಲಬಾರದೆಂದು ಬಾಯಿಗೆ ತಾಟು ಮುಚ್ಚಿ, ಬಟ್ಟೆ ಸುತ್ತಿ, ನನ್ನ ಜಾಣತನವನ್ನೆಲ್ಲ ಖರ್ಚುಮಾಡಿ ಗಂಟು ಹಾಕಿದ್ದೆ. ಬೇಸಿಗೆಯ ಬಿಸಿಲು. ಮಸ್ಕಿಯ ಸಂತೆಯ ನಟ್ಟನಡುವೆ ಬಂಡಿ ಬಂದಾಗ ಗಂಟು ಕಿತ್ತುಕೊಂಡು, ತಾಟು ಹಾರಿ, ಒಳಗಿದ್ದದ್ದೆಲ್ಲ ಎದುರಿಗೆ ಕೂತ ನನ್ನ ಯಜಮಾನರ ಹೊಸ ಶೇರವಾನಿಯ ಮೇಲೆ ಬಂದು ಕೂತಿತು. ಅವರು ಮದರಸೆಯ, ಅಂದರೆ ಆಗಿನ ಸರಕಾರಿ ಶಾಲೆಯ, ಮಾಸ್ತರರು. ಆ ಶೇರವಾನಿಗೆ ಸುಕ್ಕು ಬಿದ್ದರೂ ಮಾತು ಬಿಡುವವರು. ಸಂತೆಗೆ ಸಂತೆಯೇ ಬಂಡಿಯ ಸುತ್ತ ನೆರೆದು ನಕ್ಕಿತು. ನಾನು ಮಾತ್ರ ಗಡಿಗೆಯ ತಳದಲ್ಲಿ ಒಂದಿಷ್ಟಾದರೂ ಉಳಿದಿದೆಯೇ ಎಂದು ಬೆರಳು ಹಾಕಿ ನೋಡುತ್ತಿದ್ದೆ. ಗಂಡನ ಕೋಪ ಇಳಿಯಬಹುದು, ಖಮೀರ ಮತ್ತೆ ಹುಟ್ಟುವುದು ಸುಲಭವಲ್ಲ. ಉಳಿದಿತ್ತು. ಅವತ್ತಿನಿಂದ ನಾನು ಯಾವ ಮುಚ್ಚಳವನ್ನೂ ಬಿಗಿಮಾಡಿಲ್ಲ.

ಖಮೀರ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಗೋಧಿಹಿಟ್ಟು, ನೀರು ಕಲಸಿ ಬೆಚ್ಚಗಿನ ಮೂಲೆಯಲ್ಲಿಟ್ಟು, ದಿನಾ ಒಂದಿಷ್ಟು ತೆಗೆದು ಒಂದಿಷ್ಟು ಹೊಸ ಹಿಟ್ಟು ಹಾಕುತ್ತ ಹೋದರೆ ಅದು ಹುಳಿಯಾಗಿ, ಗುಳ್ಳೆ ಎದ್ದು, ತಾನೇ ತಾನಾಗಿ ಉಬ್ಬತೊಡಗುತ್ತದೆ. ಅದರಲ್ಲಿ ಒಂದು ಹಿಡಿ ನಾದಿದ ಹಿಟ್ಟಿಗೆ ಸೇರಿಸಿದರೆ ಆ ಹಿಟ್ಟೂ ಉಬ್ಬುತ್ತದೆ, ರೊಟ್ಟಿ ಮೆತ್ತಗೆ ದಪ್ಪಗೆ ಬರುತ್ತದೆ. ಊರಲ್ಲಿ ರೊಟ್ಟಿಯ ಭಟ್ಟಿ ಇಟ್ಟುಕೊಂಡ ನಾನ್‌ಬಾಯಿಗಳ ಹತ್ತಿರ ಇದು ಇರುತ್ತಿತ್ತು, ಮುಸಲ್ಮಾನರ ಕೆಲವು ಮನೆಗಳಲ್ಲಿ ಇರುತ್ತಿತ್ತು. ನಮ್ಮಂಥ ಜೋಳದ ಮನೆಗಳಲ್ಲಿ ಎಲ್ಲಿಂದ ಬರಬೇಕು? ಆಗಿನ್ನೂ ನಮ್ಮ ಕಡೆ ಕಾಲುವೆ ಬಂದಿರಲಿಲ್ಲ. ಕಣ್ಣು ಹಾಯಿಸಿದಷ್ಟೂ ಎರೆಭೂಮಿ, ಬಿಳಿಜೋಳ. ಬೆಳಗಾದರೆ ಓಣಿಯುದ್ದಕ್ಕೂ ರೊಟ್ಟಿ ಬಡಿಯುವ ಸಪ್ಪಳ; ಯಾವ ಮನೆಯಲ್ಲಿ ಅತ್ತೆ ಸೊಸೆಗೆ ಜಗಳವಾಗಿದೆ ಎಂಬುದು ಬಡಿತದಲ್ಲೇ ತಿಳಿಯುತ್ತಿತ್ತು. ಗೋಧಿ ಹಬ್ಬದ ಹೋಳಿಗೆಗೆಂದು ಗಡಿಗೆಯಲ್ಲಿ ಬೇವಿನೆಲೆ ಹಾಕಿ ಮುಚ್ಚಿಟ್ಟದ್ದು. ಅದನ್ನು ಕಾಯುವವಳು ಆಯಿ.

ಇಂಥ ಮನೆಗೆ ಖಮೀರ ಬಂದದ್ದು ನನ್ನ ನಾಲಗೆಯ ದೆಸೆಯಿಂದ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಮನೆಮಂದಿಯನ್ನೆಲ್ಲ ನಾನು ಕುಣಿಸಿದೆ.

ಮದುವೆಯಾಗಿ ಸಿಂಧನೂರಿಗೆ ಹೋದ ಮೇಲೆ ಮೊದಲ ಬಾರಿ ಬಸುರಾದೆ. ಬಸುರಾದವರು ಹುಳಿಮಾವಿನಕಾಯಿ ತಿನ್ನುತ್ತಾರೆ, ಹುಣಸೆಚಿಗುರು ಚೀಪುತ್ತಾರೆ ಎಂದು ಕೇಳಿದ್ದೆ. ನನಗೆ ಯಾವುದೂ ಒಗ್ಗಲಿಲ್ಲ. ರೊಟ್ಟಿ ಕಂಡರೆ ವಾಂತಿ, ಅನ್ನ ಕಂಡರೆ ವಾಂತಿ, ಅನ್ನ ಎಂಬ ಮಾತು ಕೇಳಿದರೂ ವಾಂತಿ. ದವಾಖಾನೆಯ ಡಾಕ್ಟರರು ಕೊಟ್ಟ ಕೆಂಪು ಔಷಧ ಒಳಗೆ ಹೋದ ವೇಗದಲ್ಲೇ ಹೊರಗೆ ಬಂತು. ಮೊದಮೊದಲು ಎಲ್ಲರೂ ನಕ್ಕರು, ಆಮೇಲೆ ನಗು ನಿಂತಿತು. ನನ್ನ ಅತ್ತೆ ಒಳ್ಳೆಯವರು, "ತವರಿನ ನೀರು ಕುಡದ್ರ ಹಿಡದೀತು" ಎಂದು ನನ್ನ ಮನೆಗೆ ಹೇಳಿಕಳಿಸಿದರು. ಅಪ್ಪ, ಆಯಿ ಬಂಡಿ ಕಟ್ಟಿಕೊಂಡು ಬಂದರು.

ವಾಪಸು ಹೋಗುವಾಗ ಮಸ್ಕಿಯಲ್ಲಿ ಎತ್ತುಗಳಿಗೆ ನೀರು ಕುಡಿಸಲು ನಿಂತೆವು. ಪಕ್ಕದಲ್ಲೇ ಒಬ್ಬ ನಾನ್‌ಬಾಯಿಯ ಭಟ್ಟಿ. ಆಗಷ್ಟೇ ರೊಟ್ಟಿ ತೆಗೆಯುತ್ತಿದ್ದ. ಗಾಳಿ ನಮ್ಮ ಕಡೆಗೇ ಬೀಸಿತು. ಆ ವಾಸನೆ! ಸುಟ್ಟ ಗೋಧಿಯದು, ಅದರೊಳಗೆ ಒಂದು ಎಳೆ ಹುಳಿ. ನಾನು ಬಂಡಿಯಲ್ಲಿ ಚಾಪೆಯಂತೆ ಬಿದ್ದುಕೊಂಡಿದ್ದವಳು ಎದ್ದು ಕೂತೆ.

"ಆಯಿ, ನನಗ ಹಸಿವ್ಯಾಗೈತಿ."

ಆಯಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ಏನ್ ಬೇಕು ಹೇಳವ್ವ ನನ್ನ ಬಂಗಾರಿ, ಈ ಸಂತ್ಯಾಗ ಏನಿದ್ರೂ ತರಸ್ತೀನಿ," ಎಂದಳು. ನಾನು ಭಟ್ಟಿಯ ಕಡೆ ಬೆರಳು ಮಾಡಿದೆ. ಆಯಿಯ ಮುಖ ಸಣ್ಣದಾಯಿತು.

ಆಯಿಯದು ಒಂದು ಕಟ್ಟಳೆ ಇತ್ತು. ಹಸಿಯದು ಯಾರ ಮನೆಯದಾದರೂ ನಡೆಯುತ್ತದೆ, ಬೇಯಿಸಿದ್ದು ಮಾತ್ರ ನಮ್ಮ ಒಲೆಯದೇ ಆಗಬೇಕು. ಸ್ವಂತ ಅಣ್ಣನ ಊರಿಗೆ ಹೋದರೂ ಬುತ್ತಿ ಕಟ್ಟಿಕೊಂಡು ಹೋಗುವವಳು ಅವಳು. ಇತ್ತ ಇನ್ನೊಂದು ಹೆದರಿಕೆ. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದಂತೆ. ಕಟ್ಟಳೆ ಒಂದು ಕಡೆ, ಮರಿಮಗುವಿನ ಕಿವಿ ಇನ್ನೊಂದು ಕಡೆ. ಆಯಿ ಎರಡರ ನಡುವೆ ಸಿಕ್ಕಿಕೊಂಡು ಸೆರಗಿನಿಂದ ಗಾಳಿ ಬೀಸಿಕೊಂಡಳು.

"ಒಂದು ರೊಟ್ಟಿ ತಗೊಂಡ್ರ ಏನಾಗತೈತ್ಯವ್ವಾ? ಹುಡುಗಿ ತಾನಾಗೆ ಬಾಯಿಬಿಟ್ಟು ಕೇಳಾಕತ್ತಾಳ," ಎಂದ ಅಪ್ಪ.

"ಮನ್ಯಾಗ ಮಾಡಿ ಹಾಕ್ತೀನಿ. ರೊಟ್ಟಿ ಮಾಡಾಕ ಬರದ ಹೆಣಮಕ್ಕಳೇನು ನಾವು? ಹೊಡಿ ಬಂಡಿ!" ಎಂದಳು ಆಯಿ.

ಹೀಗೆ ಇಡೀ ಮಸ್ಕಿಯ ಎದುರಿಗೆ ಆಯಿ ಮಾತು ಕೊಟ್ಟುಬಿಟ್ಟಳು. ನಾನು ಮತ್ತೆ ಚಾಪೆಯಾದೆ.

ಮನೆಗೆ ಬಂದ ಮೇಲೆ ಅವ್ವ ಗೋಡೆಯಾಚೆಯ ಹುಸೇನ್‌ಬಿ ಚಾಚಿಯನ್ನು ಕೂಗಿದಳು. ಚಾಚಿಯ ಗಂಡ ಅಪ್ಪನ ಕಚೇರಿಯಲ್ಲೇ ಜವಾನ. ನಮ್ಮೆರಡು ಮನೆಗಳ ನಡುವೆ ಎದೆಮಟ್ಟದ ಮಣ್ಣಿನ ಗೋಡೆ; ಅದರ ಮೇಲಿಂದ ದಿನಾ ಮೆಣಸಿನಕಾಯಿ, ಕೊತ್ತಂಬರಿ, ಊರ ಸುದ್ದಿ ಆಚೀಚೆ ಹೋಗುತ್ತಿದ್ದವು. ಚಾಚಿಗೆ ವಿಷಯ ಕೇಳಿ ನಗು ತಡೆಯಲಿಲ್ಲ.

"ಖಮೀರ ಇಲ್ದ ಆ ರೊಟ್ಟಿ ಹೆಂಗ ಆಗತೈತಿ ನೀಲವ್ವಾ? ತಡಿ, ನಮ್ಮದು ಒಂದು ಮುದ್ದಿ ಕೊಡ್ತೀನಿ," ಎಂದು ಒಂದು ಬಟ್ಟಲಲ್ಲಿ ತಂದು ಗೋಡೆಯ ಮೇಲೆ ಇಟ್ಟಳು.

ಆಯಿ ಬಂದು ಬಟ್ಟಲನ್ನು ಸುತ್ತೆಲ್ಲ ನೋಡಿದಳು. ಮೂಸಿದಳು. ಅಪ್ಪ ಕಚೇರಿಯ ಗುಮಾಸ್ತ, ಅವನಿಗೆ ಎಲ್ಲವೂ ಮುಕದ್ದಮೆಯೇ, ಅಂದರೆ ಕೋರ್ಟಿನ ಖಟ್ಲೆಯೇ. ಕೈಕಟ್ಟಿ ನಿಂತು, "ಹಿಟ್ಟು ಹಸೀದು, ನೀರು ಹಸೀದು, ಒಲಿ ಕಂಡಿಲ್ಲ. ಹಸೀದಂತ ಮಂಜೂರು ಮಾಡ್ರಿ," ಎಂದ.

"ಇದು ಹಸೀದೂ ಅಲ್ಲ, ಬೇಸಿದ್ದೂ ಅಲ್ಲ. ಹಳಸಿದ್ದು," ಎಂದಳು ಆಯಿ.

"ಅಪೀಲಿಗೆ ಅವಕಾಶ?"

"ಇಲ್ಲ."

ಬೇರೆಯವರಾಗಿದ್ದರೆ ಮುಖ ಉಬ್ಬಿಸಿಕೊಂಡು ಹೋಗುತ್ತಿದ್ದರು. ಚಾಚಿ ಬಟ್ಟಲು ಎತ್ತಿಕೊಂಡು, "ಆಗಲಿ ಆಯಿ. ನಿಮ್ಮ ಹಿಟ್ಟು, ನಿಮ್ಮ ಗಡಿಗಿ. ನಾ ಬರೇ ಬಾಯಿಲೆ ಹೇಳ್ತೀನಿ. ಬಾಯಿಲೆ ಹೇಳಿದ್ದು ಹಸೀದೋ ಬೇಸಿದ್ದೋ ನೀವಽ ನೋಡ್ರಿ," ಎಂದಳು.

ಹಬ್ಬದ ಗೋಧಿಯ ಗಡಿಗೆಯ ಬಾಯಿ ತೆರೆಯಿತು. ಅವ್ವ ಬೀಸಿದಳು, ಸಾಣಿಸಿದಳು, ಚಾಚಿ ಹೇಳಿದಂತೆ ಹಿಟ್ಟು ನೀರು ಕಲಸಿ ಒಲೆಯ ಪಕ್ಕದ ಮೂಲೆಯಲ್ಲಿಟ್ಟಳು. ಮರುದಿನ ಒಂದಿಷ್ಟು ತೆಗೆದು ಹೊಸದು ಹಾಕಿದಳು. ಗುಳ್ಳೆ ಬರಲಿಲ್ಲ. ಇನ್ನೊಂದು ದಿನ ಕಾದಳು. ಮೇಲೆ ಹಸಿರು ಬೂಷ್ಟು ಬಂತು, ನಾಯಿಯೂ ಮುಖ ತಿರುಗಿಸುವಂಥ ನಾತ ಬಂತು. ಚೆಲ್ಲಿದಳು. ಮತ್ತೆ ಹೊಸದು ಮಾಡಿದಳು, ಮತ್ತೆ ಅದೇ ಕಥೆ. ಗೋಡೆಯಾಚೆಯಿಂದ "ಗುಳ್ಳಿ ಬಂದ್ವೇನು?" ಎಂದು ಚಾಚಿ ಕೇಳುವಳು, "ಇಲ್ಲಬೇ" ಎಂದು ಅವ್ವ ಸೋತ ದನಿಯಲ್ಲಿ ಹೇಳುವಳು. ಪ್ರತಿ ಸಲ ತೆಗೆದಿಟ್ಟ ಹಿಟ್ಟನ್ನು ನಮ್ಮ ಎಮ್ಮೆಗೆ ಹಾಕುತ್ತಿದ್ದರು. ನಾನು ಒಣಗುತ್ತ ಹೋದೆ, ಎಮ್ಮೆ ಮೈತುಂಬಿಕೊಂಡಿತು.

ತಪ್ಪು ಯಾರದು ಎಂಬ ವಿಚಾರಣೆಯೂ ನಡೆಯಿತು. ಆಯಿ ಗೊಣಗಿದ್ದಕ್ಕೇ ಹೀಗಾಯಿತು ಎಂದು ಅವ್ವ. ಮಗ್ಗುಲ ಓಣಿಯ ಹೆಂಗಸೊಬ್ಬಳು ಇಣುಕಿ ನೋಡಿದ್ದಳು, ಅವಳ ಕಣ್ಣು ಬಿತ್ತು ಎಂದು ಆಯಿ. ನಮ್ಮೂರ ನೀರಿಗೆ ಆ ಗುಣವಿಲ್ಲ ಎಂದು ಅಪ್ಪ. ಅದೇ ನೀರಿನಲ್ಲಿ ಚಾಚಿಯ ಖಮೀರ ಗೋಡೆಯಾಚೆ ಉಕ್ಕುತ್ತಿತ್ತಲ್ಲ, ಅದನ್ನು ಯಾರೂ ಯೋಚಿಸಲಿಲ್ಲ.

ಈಗ ನಗುತ್ತ ಬರೆಯುತ್ತಿದ್ದೇನೆ, ಆಗ ನಗು ಇರಲಿಲ್ಲ. ಕೈಬಳೆ ಮೊಣಕೈವರೆಗೂ ಜಾರುತ್ತಿದ್ದವು. ಮಜ್ಜಿಗೆಯ ನೀರು ನಾಲ್ಕು ಗುಟುಕು ನಿಂತರೆ ಅದೇ ದೊಡ್ಡದು. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿ, ನನಗೆ ಕೇಳಿಸದಿರಲೆಂದು ಅವ್ವನನ್ನು ಪಡಸಾಲೆಗೆ ಕರೆದುಕೊಂಡು ಹೋದಳು. ಕೇಳಿಸಿತು.

"ಹೊಟ್ಟಿಗೆ ಏನರ ಹಿಡೀಲಿಲ್ಲಂದ್ರ ಕೂಸು ನಿಲ್ಲಂಗಿಲ್ಲ ನೀಲವ್ವಾ. ಹುಡುಗೀದೂ ನನಗ ಅಂಜಿಕಿ ಐತಿ."

ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿಕೊಂಡು ಅತ್ತೆ. ಅಷ್ಟು ದಿನ ಅದು ವಾಂತಿಯ ಕಾಟ ಎಂದುಕೊಂಡಿದ್ದೆ. ಅವತ್ತು ಮೊದಲ ಸಲ ಹೊಟ್ಟೆಯೊಳಗಿರುವುದು ನನ್ನ ಕೂಸು ಅನಿಸಿತು, ಕೈಬಿಟ್ಟು ಹೋಗುತ್ತದೆ ಎಂದು ಹೆದರಿಕೆಯಾಯಿತು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ತಡಿಯಪ್ಪ, ತಡಿ, ನಿಮ್ಮ ಮುತ್ತಜ್ಜಿ ಮಾತು ಕೊಟ್ಟಾಳ ಎಂದು ಸಮಾಧಾನ ಹೇಳಿದೆ.

ಮರುದಿನ ಬೆಳಿಗ್ಗೆ ಅವ್ವ ಮತ್ತೆ ಹೊಸ ಹಿಟ್ಟು ತೆಗೆದುಕೊಂಡಳು. ಆಯಿ ಅಡುಗೆಮನೆಯ ಇನ್ನೊಂದು ಮೂಲೆಯಲ್ಲಿ ಮೊಸರಿಗೆ ಹೆಪ್ಪು ಹಾಕಲು ಕಾಸಿದ ಹಾಲಿನಲ್ಲಿ ಕಿರುಬೆರಳು ಅದ್ದಿ ನೋಡುತ್ತ, ಇನ್ನೂ ಬಿಸಿ ಐತಿ ಎಂದು ಕಾಯುತ್ತ ಕೂತಿದ್ದಳು. ನಾನು ಬಾಗಿಲಲ್ಲಿ ಒರಗಿದ್ದೆ. ಅವ್ವ ಒಲೆಯ ಮೇಲೆ ಕುದಿಯುತ್ತಿದ್ದ ಎಸರಿನ ನೀರು ಎತ್ತಿ ಗಡಿಗೆಯ ಹಿಟ್ಟಿಗೆ ಸುರಿದಳು. ಬುಸ್ಸೆಂದು ಹಬೆ ಎದ್ದಿತು.

ಆಯಿಯ ಬೆರಳು ಹಾಲಿನಲ್ಲೇ ನಿಂತಿತು.

"ನೀಲವ್ವಾ! ದಿನಾ ಹಿಂಗಽ ಹಾಕ್ತಿಯೇನ?"

"ಹೂನ್ರೀ ಅತ್ತಿ. ಮತ್ತ ಹೆಂಗ?"

"ಅಯ್ಯ ನನ ಶಿವನ! ಕುದಿಯೂ ಹಾಲಿಗೆ ಯಾರರ ಹೆಪ್ಪು ಹಾಕ್ತಾರೇನಬೇ?"

ಜೋಳದ ನಾಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಜೋಳದ ಹಿಟ್ಟಿಗೆ ತಾನಾಗಿ ಜಿಗಿ ಇರುವುದಿಲ್ಲ, ಕುದಿಯುವ ಎಸರು ಹಾಕಿ ನಾದಿದರೇ ರೊಟ್ಟಿ ಬಡಿಯಲು ಬರುತ್ತದೆ. ನಮ್ಮ ಹೆಣ್ಣುಮಕ್ಕಳು ಹಿಟ್ಟು ಮುಂದೆ ಬಂದರೆ ಎಸರಿಗೆ ಕೈ ಹಾಕುತ್ತಾರೆ, ಯೋಚಿಸುವುದಿಲ್ಲ. ಅವ್ವನ ಕೈ ಹುಟ್ಟಿದಾಗಿನಿಂದ ಮಾಡಿದ್ದನ್ನೇ ಮಾಡಿತ್ತು. ಹಿಟ್ಟಿಗೆ ಕುದಿಯುವ ನೀರು ಹಾಕುವವರು ಇರುತ್ತಾರೆಂದು ಚಾಚಿಗೆ ಕನಸಿನಲ್ಲೂ ಹೊಳೆದಿರಲಿಲ್ಲ, ಹಾಗಾಗಿ ಅವಳು ನೀರಿನ ಬಗ್ಗೆ ಏನೂ ಹೇಳಿರಲಿಲ್ಲ.

ಗೋಡೆಯಾಚೆ ಸುದ್ದಿ ಮುಟ್ಟಿತು. "ಎಸರು ಹಾಕಿದ್ಯಾ? ಯಾ ಅಲ್ಲಾ! ದಿನಾ ಹುಟ್ಟಿಸಿ ದಿನಾ ಸುಟ್ಟೀಯಲ್ಲ ನೀಲವ್ವಾ!" ಎಂದು ಚಾಚಿ ಗೋಡೆ ಹಿಡಿದುಕೊಂಡು ನಕ್ಕಳು. ಅವ್ವ ಮೊದಲು ಸಿಟ್ಟಾದಳು, ಆಮೇಲೆ ಅತ್ತಳು, ಆಮೇಲೆ ಅವಳೂ ಸೇರಿ ನಕ್ಕಳು. ಎಮ್ಮೆಯೊಂದು ಮಾತ್ರ ಅವತ್ತಿನಿಂದ ನಮ್ಮ ಮೇಲೆ ಮುನಿಸಿಕೊಂಡಿತು.

ಆಯಿ ಎದ್ದು ಸೀರೆ ಬಿಗಿದುಕೊಂಡಳು. "ಇದಕ್ಕ ನಾ ಒಪ್ಪಿಲ್ಲ, ನೆನಪಿಟ್ಕೋರಿ. ಆದ್ರ ಮಾಡೂದು ಅಂದ ಮ್ಯಾಲೆ ನೆಟ್ಟಗ ಮಾಡಬೇಕು. ಕೊಡಿಲ್ಲಿ ಗಡಿಗಿ!"

ಆಮೇಲೆ ಆ ಗಡಿಗೆಯ ಹತ್ತಿರ ಯಾರಿಗೂ ಪ್ರವೇಶವಿಲ್ಲ. ಬೇರೆ ಗಡಿಗೆ ತೊಳೆದು, ಒಣಗಿಸಿ, ವಿಭೂತಿ ಎಳೆದು ಆಯಿ ತಾನೇ ಹಿಟ್ಟು ಕಲಸಿದಳು. ನೀರಿಗೆ ಹಾಲಿಗಿಟ್ಟಂತೆ ಕಿರುಬೆರಳ ಪರೀಕ್ಷೆ. ಬೆಳಿಗ್ಗೆ ಪೂಜೆ ಮುಗಿಸಿ ಅದಕ್ಕೆ ಹಿಟ್ಟು ಉಣಿಸುವಳು, ಸಂಜೆ ಬಟ್ಟೆ ಸರಿಸಿ ನೋಡುವಳು. ಅವ್ವ ತಾಟು ಗಟ್ಟಿಯಾಗಿ ಮುಚ್ಚಲು ಹೋದರೆ, "ಒಳಗಿನ ಜೀವ ಉಸುರಾಡಬೇಕಲ್ಲಬೇ!" ಎಂದು ಗದರುವಳು. ಹಳಸಿದ್ದು ಎಂಬ ತೀರ್ಪು ಏನಾಯಿತು ಎಂದು ಅಪ್ಪ ಕೇಳಿದ್ದಕ್ಕೆ, "ನಮ್ಮ ಮನ್ಯಾಗ ಹುಟ್ಟಿದ್ದು ಹಳಸೂದಿಲ್ಲ. ಹಣ್ಣಿನಂಗ ಕಳಿಯತೈತಿ," ಎಂದಳು. ಅಪ್ಪ ಎದ್ದು ಕಚೇರಿಗೆ ಹೋದ.

ಒಂದು ಬೆಳಿಗ್ಗೆ ಆಯಿ ನನ್ನನ್ನು ಹಾಸಿಗೆಯಿಂದಲೇ ಕೈಹಿಡಿದು ಎಳೆದುಕೊಂಡು ಹೋದಳು. ಗಡಿಗೆಯೊಳಗೆ ಹಿಟ್ಟು ಕುತ್ತಿಗೆಯವರೆಗೆ ಏರಿತ್ತು. ಮೇಲೆಲ್ಲ ಸಣ್ಣ ಸಣ್ಣ ತೂತು. ನಾವು ನೋಡುತ್ತಿದ್ದಂತೆಯೇ ಒಂದು ಗುಳ್ಳೆ ಮೆಲ್ಲಗೆ ಎದ್ದು ಟಪ್ಪೆಂದು ಒಡೆಯಿತು. ಹುಳಿ ವಾಸನೆ ಮೂಗಿಗೆ ಬಂತು. ನನಗೆ ವಾಕರಿಕೆ ಬರಲಿಲ್ಲ, ಬಾಯಲ್ಲಿ ನೀರೂರಿತು.

"ಜೀವ ಬಂದೈತಿ," ಎಂದು ಆಯಿ ಪಿಸುಗುಟ್ಟಿದಳು.

ಅದೇ ದಿನ ಹಿಟ್ಟು ನಾದಿ ಬಿಸಿಲಿಗೆ ಉಬ್ಬಲು ಇಟ್ಟರು. ಉಬ್ಬಿದ ಉಂಡೆಯನ್ನು ಅವ್ವ ಕೈಗೆತ್ತಿಕೊಂಡದ್ದೇ ಜೋಳದ ರೊಟ್ಟಿಯಂತೆ ಪಟಪಟ ಬಡಿಯಲು ಶುರುಮಾಡಿದಳು. "ಬಡೀಬ್ಯಾಡ ನಮ್ಮವ್ವಾ, ಮುಟ್ಟಿ ಬಿಡು ಸಾಕು!" ಎಂದು ಗೋಡೆಯ ಮೇಲಿಂದ ಚಾಚಿ ಕಿರುಚಿದಳು. ನಮ್ಮಲ್ಲಿ ಭಟ್ಟಿ ಎಲ್ಲಿ? ಅಂಗಳದ ಒಲೆಯ ಮೇಲೆ ಹೆಂಚಿಟ್ಟು, ರೊಟ್ಟಿ ಹಾಕಿ, ಅದರ ಮೇಲೆ ಗಡಿಗೆ ಬೋರಲು ಹಾಕಿ, ಗಡಿಗೆಯ ಮೇಲೆ ಕೆಂಡ ಸುರಿದರು. ಮೊದಲನೆಯದು ಬಡಿತ ತಿಂದದ್ದಕ್ಕೆ ಚಪ್ಪಟೆಯಾಗಿ ಕರಕಾಯಿತು. ಎರಡನೆಯದಕ್ಕೆ ಗಡಿಗೆ ಎತ್ತಿದಾಗ ಅವ್ವ, ಆಯಿ ಇಬ್ಬರೂ ಒಟ್ಟಿಗೆ "ಅಯ್ಯ!" ಎಂದರು. ರೊಟ್ಟಿ ದಪ್ಪಗೆ, ಕೆಂಪಗೆ, ನಡುವೆ ಉಬ್ಬಿ ನಿಂತಿತ್ತು. ಮಸ್ಕಿಯ ವಾಸನೆ ನಮ್ಮ ಅಂಗಳಕ್ಕೆ ಬಂದಿತ್ತು.

ನನ್ನನ್ನು ಚಾಪೆಯ ಮೇಲೆ ಕೂರಿಸಿದರು. ಅವ್ವ ರೊಟ್ಟಿ ಮುರಿದು ಬೆಣ್ಣೆ ಸವರಿ ಮುಂದಿಟ್ಟಳು. ಆಯಿ ವಾಂತಿಯ ಬೋಗುಣಿ ಹಿಡಿದು ಪಕ್ಕದಲ್ಲಿ ನಿಂತಳು. ಅಪ್ಪ ಕಚೇರಿಗೆ ಹೋಗದೆ ಕಂಬಕ್ಕೆ ಒರಗಿ ಕಾಗದ ಓದುತ್ತಿರುವಂತೆ ನಟಿಸಿದ, ಕಾಗದ ತಲೆಕೆಳಗಾಗಿತ್ತು. ಗೋಡೆಯ ಮೇಲೆ ಚಾಚಿಯ ತಲೆ. ನಾನು ಒಂದು ತುತ್ತು ಬಾಯಿಗಿಟ್ಟೆ. ಮೆತ್ತಗಿತ್ತು. ಅಗಿದೆ, ನುಂಗಿದೆ. ಇನ್ನೊಂದು ತುತ್ತು. ಮತ್ತೊಂದು. ಅರ್ಧ ರೊಟ್ಟಿ ಮುಗಿಯುವಾಗ ಹೊಟ್ಟೆಯಿಂದ ಏನೋ ಮೇಲೆ ಬಂದಂತಾಯಿತು. ಆಯಿ ಬೋಗುಣಿಯನ್ನು ಗದ್ದಕ್ಕೆ ತಂದು ಹಿಡಿದಳು. ಬಂದದ್ದು ತೇಗು. ಓಣಿಗೆ ಕೇಳಿಸುವಂಥ ತೇಗು.

ನಾನು ಉಳಿದರ್ಧ ಮುಗಿಸಿದೆ. ಎಲ್ಲರೂ ಕಾದರು. ಏನೂ ಆಗಲಿಲ್ಲ. ಹೊಟ್ಟೆ ಬೆಚ್ಚಗೆ ತುಂಬಿಕೊಂಡು ಸುಮ್ಮನಿತ್ತು. ಎಷ್ಟು ದಿನವಾಗಿತ್ತೋ ಆ ಸುಖ ಕಂಡು! ನಾನು ಗೆದ್ದೆ ಅನಿಸಿತು, ಕೂಸೂ ಗೆದ್ದಿತು ಅನಿಸಿತು.

"ಆಯಿ, ಇನ್ನೊಂದು ಐತೇನು?"

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಯಿ ಬೋಗುಣಿಯನ್ನು ಅಂಗಳದಾಚೆಗೆ ಎಸೆದಳು. ಹೆಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲೇ ಕಿತ್ತು ತಂದು ನನ್ನ ತಾಟಿಗೆ ಹಾಕಿದಳು. ಅದೂ ಒಳಗೆ ಹೋಯಿತು, ಅದೂ ನಿಂತಿತು. ಆಗ ಆಯಿ, ಓಣಿಯಲ್ಲಿ ಎಂದೂ ಗಟ್ಟಿಯಾಗಿ ಮಾತಾಡದವಳು, ಗೋಡೆಯ ಕಡೆ ತಿರುಗಿ ಊರಿಗೇ ಸಾರುವಂತೆ ಕೂಗಿದಳು.

"ಹುಸೇನ್‌ಬೀ! ಉಂಡಾಳ! ನನ್ನ ಮೊಮ್ಮಗಳು ಹೊಟ್ಟಿತುಂಬ ಉಂಡಾಳ!"

"ಕಣ್ಣಾರೆ ನೋಡಾಕತ್ತೀನಿ ಆಯಿ," ಎಂದಳು ಚಾಚಿ ಕಣ್ಣೊರೆಸಿಕೊಳ್ಳುತ್ತ. "ಎಷ್ಟಾದ್ವು?"

"ಎಣಿಸಬ್ಯಾಡಬೇ, ದೃಷ್ಟಿ ಆದೀತು!"

ಅವರಿಬ್ಬರ ಮಾತು ಮುಗಿಯುವುದನ್ನು ನಾನು ಕಾಯಲಿಲ್ಲ. ಆಯಿಗೆಂದು ಅವ್ವ ಪಕ್ಕಕ್ಕೆ ತೆಗೆದಿಟ್ಟಿದ್ದ ರೊಟ್ಟಿಯನ್ನು ಕೈಚಾಚಿ ನನ್ನ ತಾಟಿಗೆ ಎಳೆದುಕೊಂಡೆ.